ಡೇಟಾಬೇಸ್ ಸರ್ವರ್ ವರ್ಚುವಲ್ ಆಗಬೇಕು, ವೇಬ್ರಿಡ್ಜ್ ನಿಲ್ಲಬಾರದು

"ಸರ್ವರ್ ಎಷ್ಟು ಹೊತ್ತು ನಿಲ್ಲುತ್ತೆ?"

ಹಳೇ ಭೌತಿಕ ಸರ್ವರ್ ಅನ್ನು ವರ್ಚುವಲ್ ಮೆಷಿನ್ (ಇನ್ನೊಂದು ಮೆಷಿನ್ ಒಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಕಂಪ್ಯೂಟರ್) ಮಾಡೋಣ ಅಂದ ಕೂಡಲೇ ಮಾಲೀಕರು ಕೇಳುವ ಮೊದಲ ಪ್ರಶ್ನೆ ಇದು. ಖರ್ಚಿನ ಮಾತು ಆಮೇಲೆ. ಸಾಮಾನ್ಯವಾಗಿ ಸಿಗುವ ಉತ್ತರ, "ಶನಿವಾರ ರಾತ್ರಿ ಶುರು ಮಾಡಿದರೆ ಸೋಮವಾರ ಬೆಳಗ್ಗೆ ರೆಡಿ". ಹೀಗೆ ಹೇಳುವವರು ಡಿಸ್ಕ್ ನಕಲಾಗಲು ಬೇಕಾದ ಸಮಯವನ್ನೇ ಡೌನ್‌ಟೈಮ್ ಅಂದುಕೊಂಡಿರುತ್ತಾರೆ. ಅವೆರಡೂ ಒಂದೇ ಆಗಬೇಕಿಲ್ಲ. ನಕಲಿಗೆ ಹನ್ನೆರಡು ಗಂಟೆ ಹಿಡಿದರೂ ಜನರಿಗೆ ಸಿಸ್ಟಮ್ ಸಿಗದಿರುವುದು ಅರ್ಧ ಗಂಟೆ ಮಾತ್ರ ಆಗುವಂತೆ ಮಾಡಬಹುದು. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದನ್ನ ಬದಲಾಯಿಸಿದರೆ ಸಾಕು.

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕಾರ್ಖಾನೆ) ಅನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇದು ಇಂಥದ್ದೇ ಅಂತ ಅಲ್ಲ, ವಿವರಿಸಲು ಕಟ್ಟಿಕೊಂಡ ಉದಾಹರಣೆ. ಆದರೆ ಈ ಊರಲ್ಲಿ ಕಂಪ್ಯೂಟರ್ ಕೆಲಸ ಮಾಡುವವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯಿಂದ ಲಾರಿ ಬರುತ್ತದೆ. ವೇಬ್ರಿಡ್ಜ್ ಮೇಲೆ ತೂಕ, ಆಮೇಲೆ ತೇವಾಂಶದ ಪರೀಕ್ಷೆ, ಔಟ್‌ಟರ್ನ್ (ತಂದ ಕಾಫಿಯಿಂದ ಸಿಗುವ ಬೀಜದ ಪ್ರಮಾಣ), ಗ್ರೇಡು, ಪ್ಲಾಂಟರ್ ಖಾತೆ. ಎಲ್ಲವೂ ಒಂದೇ ಡೇಟಾಬೇಸ್‌ಗೆ ಹೋಗುತ್ತದೆ. ಆ ಡೇಟಾಬೇಸ್ ಇರುವುದು ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಟವರ್ ಸರ್ವರ್‌ನಲ್ಲಿ. ವಿಂಡೋಸ್ ಸರ್ವರ್ 2008 ಆರ್2, ಅದರ ಮೇಲೆ ಎಸ್‌ಕ್ಯೂಎಲ್ ಸರ್ವರ್ 2008 ಆರ್2. ಆ ಎಸ್‌ಕ್ಯೂಎಲ್ ಸರ್ವರ್‌ಗೆ ಮೈಕ್ರೋಸಾಫ್ಟ್ ಬೆಂಬಲ 2019ರ ಜುಲೈ 9ಕ್ಕೆ ಮುಗಿಯಿತು, ಆ ವಿಂಡೋಸ್‌ಗೆ 2020ರ ಜನವರಿ 14ಕ್ಕೆ. ಹಲವು ಡಿಸ್ಕ್ ಜೋಡಿಸಿದ ರೈಡ್‌ನಲ್ಲಿ ಒಂದು ಡಿಸ್ಕ್ ಕೈಕೊಟ್ಟರೆ ಅದೇ ಮಾದರಿ ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಬೇಕು.

ಹೊಸ ಹೋಸ್ಟ್ ಮೆಷಿನ್, ಅಂದರೆ ವರ್ಚುವಲ್ ಮೆಷಿನ್‌ಗಳನ್ನು ಹೊರುವ ಕಂಪ್ಯೂಟರ್, ಬಂದಿದೆ. ಅದರ ಮೇಲಿನ ಹೈಪರ್‌ವೈಸರ್ (ವರ್ಚುವಲ್ ಮೆಷಿನ್ ಓಡಿಸುವ ಸಾಫ್ಟ್‌ವೇರ್) ಹೈಪರ್-ವಿ ಇರಬಹುದು, ವಿಎಂವೇರ್ ಇರಬಹುದು, ಪ್ರಾಕ್ಸ್‌ಮಾಕ್ಸ್ ಇರಬಹುದು. ಮುಂದೆ ಹೇಳುವ ಲೆಕ್ಕ ಅದರಿಂದೇನೂ ಬದಲಾಗುವುದಿಲ್ಲ.

ಸಮಯ ಎಲ್ಲಿ ಹೋಗುತ್ತದೆ

ಮೊದಲು ಒಂದು ಸರಳ ಲೆಕ್ಕ. ಸರ್ವರ್‌ನ ಡಿಸ್ಕ್ 500 ಜಿಬಿ, ಅದರಲ್ಲಿ ಡೇಟಾಬೇಸ್ 120 ಜಿಬಿ ಅಂದುಕೊಳ್ಳಿ. ಹಳೇ ನೆಟ್‌ವರ್ಕ್ ಸ್ವಿಚ್ 100 ಎಂಬಿಪಿಎಸ್‌ನದಾದರೆ ಸೆಕೆಂಡಿಗೆ ಸುಮಾರು 11 ಎಂಬಿ ಸಾಗುತ್ತದೆ. 500 ಜಿಬಿ ಸಾಗಲು ಹನ್ನೆರಡೂವರೆ ಗಂಟೆ ಬೇಕು. ಗಿಗಾಬಿಟ್ ಸ್ವಿಚ್ ಹಾಕಿದರೆ ಸೆಕೆಂಡಿಗೆ 110 ಎಂಬಿ, ಅಂದರೆ ಒಂದೂಕಾಲು ಗಂಟೆ. ಆದರೆ ಸವೆದ ಹಳೇ ಡಿಸ್ಕ್ ಆ ವೇಗದಲ್ಲಿ ಓದಿ ಕೊಡಬೇಕಲ್ವಾ? ಅದು ಸೆಕೆಂಡಿಗೆ 50 ಎಂಬಿ ಕೊಟ್ಟರೆ ಎರಡೂ ಮುಕ್ಕಾಲು ಗಂಟೆ. ಹಾಗಾಗಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಸ್ವಿಚ್, ಕೇಬಲ್ ಮತ್ತು ಡಿಸ್ಕ್‌ನ ಓದುವ ವೇಗ. ಎರಡು ಮೆಷಿನ್ ನಡುವೆ ನೇರವಾಗಿ ಒಂದು ಕ್ಯಾಟ್-6 ಕೇಬಲ್ ಎಳೆದರೂ ಆಯಿತು. ಎಷ್ಟೋ ಕಡೆ ಹೊಸ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದು.

ನಕಲನ್ನು ಎಷ್ಟೇ ಚುರುಕು ಮಾಡಿದರೂ ಡೌನ್‌ಟೈಮ್ ಗಂಟೆಗಳ ಲೆಕ್ಕದಲ್ಲೇ ಉಳಿಯುತ್ತದೆ. ನಕಲು ನಡೆಯುವಾಗ ಹಳೇ ಸರ್ವರ್ ಕೆಲಸ ಮಾಡುತ್ತಲೇ ಇರುವಂತೆ ನೋಡಿಕೊಂಡರೆ ಮಾತ್ರ ಅದು ನಿಮಿಷಗಳ ಲೆಕ್ಕಕ್ಕೆ ಬರುತ್ತದೆ.

ಇಡೀ ಮೆಷಿನ್ ನಕಲು ಮಾಡುವ ದಾರಿ

ಸರ್ವರ್ ಆಫ್ ಮಾಡಿ, ಪೆನ್‌ಡ್ರೈವ್‌ನಿಂದ ಕ್ಲೋನ್‌ಜಿಲ್ಲಾದಂಥ ಉಪಕರಣ ಬೂಟ್ ಮಾಡಿ, ಇಡೀ ಡಿಸ್ಕ್ ನಕಲಿಸುವುದು ಅತಿ ಸುರಕ್ಷಿತ ದಾರಿ. ಡೇಟಾ ಅಲುಗಾಡುವುದಿಲ್ಲ, ಅನುಮಾನಕ್ಕೆ ಜಾಗ ಇಲ್ಲ. ಆದರೆ ನಕಲಾಗುವಷ್ಟೂ ಹೊತ್ತು ಎಲ್ಲವೂ ಬಂದ್. ಭಾನುವಾರ ಪೂರ್ತಿ ಮುಚ್ಚಿರುವ ಆಫೀಸ್ ಆದರೆ ಇದನ್ನೇ ಮಾಡಿ ಮುಗಿಸಿ, ಮುಂದಿನದನ್ನು ಓದುವ ಅಗತ್ಯವೂ ಇಲ್ಲ.

ಎರಡನೆಯದು ಸರ್ವರ್ ಓಡುತ್ತಿರುವಾಗಲೇ ನಕಲು ಮಾಡುವುದು. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಬಳಗದ ಡಿಸ್ಕ್2ವಿಎಚ್‌ಡಿ ಇದನ್ನು ಉಚಿತವಾಗಿ ಮಾಡುತ್ತದೆ. ವಿಎಂವೇರ್‌ಗೆ ಕನ್ವರ್ಟರ್ ಇದೆ. ಇವು ವಿಂಡೋಸ್‌ನ ವಾಲ್ಯೂಮ್ ಶ್ಯಾಡೋ ಕಾಪಿ ಸೇವೆ ಬಳಸಿ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಅದನ್ನು ನಿಧಾನವಾಗಿ ನಕಲಿಸುತ್ತವೆ. ಎಸ್‌ಕ್ಯೂಎಲ್ ಸರ್ವರ್ ಕೂಡ ಆ ಸೇವೆಯ ಜೊತೆ ಸಹಕರಿಸುತ್ತದೆ, ಹಾಗಾಗಿ ನಕಲಾದ ಡೇಟಾಬೇಸ್ ಕೆಟ್ಟಿರುವುದಿಲ್ಲ.

ಆದರೆ ಅದು ಹಳೆಯದು. ಬಹಳ ಜನ ಎಡವುವುದು ಇಲ್ಲೇ. ಸಂಜೆ ಆರಕ್ಕೆ ನಕಲು ಶುರುವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯಿತು ಅನ್ನಿ. ವರ್ಚುವಲ್ ಮೆಷಿನ್‌ನಲ್ಲಿ ಇರುವುದು ಆರು ಗಂಟೆಯ ಡೇಟಾ. ಆರರಿಂದ ಹನ್ನೊಂದರವರೆಗೆ ವೇಬ್ರಿಡ್ಜ್‌ನಲ್ಲಿ ಬರೆದ ಚೀಟಿಗಳು ಹಳೇ ಸರ್ವರ್‌ನಲ್ಲಿ ಮಾತ್ರ ಇವೆ. ಹೊಸದನ್ನು ಆನ್ ಮಾಡಿದರೆ ಎಲ್ಲವೂ ಸರಿಯಾಗಿ ತೆರೆದುಕೊಳ್ಳುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. ಐದು ಗಂಟೆಯ ಕೆಲಸ ಕಾಣೆಯಾಗಿದೆ ಅಂತ ಗೊತ್ತಾಗುವುದು ಯಾರೋ ಪ್ಲಾಂಟರ್ ಬಂದು ತನ್ನ ಚೀಟಿ ತೋರಿಸಿದಾಗ.

ಕನ್ವರ್ಟರ್‌ನಲ್ಲಿ ಇದಕ್ಕೆ ಒಂದು ಉಪಾಯ ಇದೆ. ಮೊದಲ ನಕಲು ಮುಗಿದ ಮೇಲೆ, ಆಯ್ದ ಸೇವೆಗಳನ್ನು ನಿಲ್ಲಿಸಿ, ಬದಲಾದ ಬ್ಲಾಕ್‌ಗಳನ್ನು ಮಾತ್ರ ಇನ್ನೊಮ್ಮೆ ಸಿಂಕ್ ಮಾಡುತ್ತದೆ. ವಿಂಡೋಸ್ ಮೂಲಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಅಪ್ಲಿಕೇಶನ್ ಮತ್ತು ಡೇಟಾಬೇಸ್ ಒಂದೇ ಡಬ್ಬದಲ್ಲಿದ್ದು, ಅಪ್ಲಿಕೇಶನ್ ಬರೆದವರು ಊರು ಬಿಟ್ಟಿದ್ದು, ಇನ್‌ಸ್ಟಾಲ್ ಸಿಡಿಯೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಇದೇ ಗತಿ.

ಬೇರೆ ದಾರಿ ಇದ್ದರೆ ಮೆಷಿನ್ ನಕಲಿಗೆ ನಾನು ಕೈ ಹಾಕುವುದಿಲ್ಲ. ಹತ್ತು ವರ್ಷದ ಕಸವೂ ಜೊತೆಗೆ ಬರುತ್ತದೆ. ಹಳೇ ರೈಡ್ ಕಂಟ್ರೋಲರ್‌ನ ಡ್ರೈವರ್, ಸರ್ವರ್ ಕಂಪನಿಯ ಹಾರ್ಡ್‌ವೇರ್ ಮಾನಿಟರ್, ಕಣ್ಣಿಗೆ ಕಾಣದ ಹಳೇ ನೆಟ್‌ವರ್ಕ್ ಕಾರ್ಡ್, ಎಲ್ಲವೂ. ಆ ಕಾಣದ ಕಾರ್ಡ್ ಹಳೇ ಐಪಿ ವಿಳಾಸವನ್ನು ಹಿಡಿದುಕೊಂಡೇ ಇರುತ್ತದೆ, ಹೊಸ ಕಾರ್ಡ್‌ಗೆ ಅದೇ ಐಪಿ ಕೊಡಲು ಹೋದರೆ ವಿಂಡೋಸ್ ತಕರಾರು ತೆಗೆಯುತ್ತದೆ. ಪ್ರಾಕ್ಸ್‌ಮಾಕ್ಸ್‌ಗೆ ಒಯ್ಯುವಾಗ ಡಿಸ್ಕ್ ಡ್ರೈವರ್ ಮೊದಲೇ ಹಾಕದಿದ್ದರೆ ಬೂಟ್ ಆಗುವಾಗಲೇ ನೀಲಿ ಪರದೆ, 7ಬಿ ಎರರ್. ಎಲ್ಲಕ್ಕಿಂತ ಹೆಚ್ಚಾಗಿ, ಬೆಂಬಲ ಮುಗಿದ ಅದೇ ವಿಂಡೋಸ್ ಹೊಸ ಹೋಸ್ಟ್ ಮೇಲೂ ಮುಂದುವರಿಯುತ್ತದೆ.

ಡೇಟಾ ಮೊದಲು, ಹೊಸದಕ್ಕೆ ದಾಟುವುದು ಆಮೇಲೆ

ಮೂರನೇ ದಾರಿಯಲ್ಲಿ ಮೆಷಿನ್ ಅನ್ನು ಸಾಗಿಸುವುದೇ ಇಲ್ಲ. ಹೋಸ್ಟ್ ಮೇಲೆ ಹೊಸ ವರ್ಚುವಲ್ ಮೆಷಿನ್ ಕಟ್ಟಿ, ಹೊಸ ವಿಂಡೋಸ್ ಹಾಕಿ, ಎಸ್‌ಕ್ಯೂಎಲ್ ಸರ್ವರ್ 2019 ಹಾಕಿ. ಇದೆಲ್ಲ ಹಗಲು ಹೊತ್ತಿನಲ್ಲೇ, ಆರಾಮಾಗಿ. ಹಳೇ ಸರ್ವರ್‌ಗೆ ಇದರ ಸುದ್ದಿಯೇ ಗೊತ್ತಿಲ್ಲ. ಆಮೇಲೆ ಡೇಟಾ ಮಾತ್ರ ತರಬೇಕು, ಅದೂ ಕಂತಿನಲ್ಲಿ.

ಕಂತಿನಲ್ಲಿ ತರಲು ಸಾಧ್ಯವಾಗುವುದು ಡೇಟಾಬೇಸ್ ತನ್ನ ಲೆಕ್ಕ ಇಡುವ ರೀತಿಯಿಂದ. ಹಳೇ ಗುಮಾಸ್ತರು ರೋಜು ಪುಸ್ತಕ ಮತ್ತು ಲೆಡ್ಜರ್ ಅಂತ ಎರಡು ಇಡುತ್ತಿದ್ದರಲ್ವಾ, ಹಾಗೇ ಇದು. ನಡೆದ ಪ್ರತಿ ವ್ಯವಹಾರವೂ ನಡೆದ ಕ್ರಮದಲ್ಲೇ ಮೊದಲು ರೋಜು ಪುಸ್ತಕಕ್ಕೆ ಹೋಗುತ್ತದೆ, ಅದು ಟ್ರಾನ್ಸಾಕ್ಷನ್ ಲಾಗ್. ಆಮೇಲೆ ಲೆಡ್ಜರ್‌ಗೆ, ಅದು ಡೇಟಾ ಫೈಲ್. ಒಂದು ದಿನದ ಲೆಡ್ಜರ್ ನಕಲು ಮತ್ತು ಅಲ್ಲಿಂದ ಮುಂದಿನ ರೋಜು ಪುಟಗಳು ಕೈಯಲ್ಲಿದ್ದರೆ ಇವತ್ತಿನ ಲೆಡ್ಜರ್ ಅನ್ನು ಎಲ್ಲಿ ಬೇಕಾದರೂ ಮತ್ತೆ ಬರೆಯಬಹುದು. ಒಂದೇ ಷರತ್ತು, ನಡುವೆ ಒಂದು ಪುಟವೂ ತಪ್ಪಿರಬಾರದು.

ಹಾಗಾಗಿ ಮೊದಲು ಡೇಟಾಬೇಸ್, ಬ್ಯಾಕಪ್ ಆಗುವವರೆಗೆ ಲಾಗ್ ಉಳಿಸಿಕೊಳ್ಳುವ ಫುಲ್ ರಿಕವರಿ ಮಾಡೆಲ್‌ನಲ್ಲಿದೆಯಾ ನೋಡಬೇಕು. ಸಿಂಪಲ್‌ನಲ್ಲಿದ್ದರೆ ಲಾಗ್ ಬ್ಯಾಕಪ್ ತೆಗೆಯಲು ಬರುವುದಿಲ್ಲ. ಫುಲ್‌ಗೆ ಬದಲಾಯಿಸಿದ ಮೇಲೆ ಒಂದು ಪೂರ್ತಿ ಬ್ಯಾಕಪ್ ತೆಗೆದಾಗಲೇ ಲಾಗ್‌ನ ಸರಪಳಿ ಶುರುವಾಗುವುದು. ಅದಕ್ಕೂ ಮುಂಚೆ, ಡೇಟಾಬೇಸ್ ಎಲ್ಲಾದರೂ ಕೆಟ್ಟಿದೆಯಾ ಅಂತ ಹುಡುಕುವ ಚೆಕ್‌ಡಿಬಿ ಓಡಿಸಿ. ಹಳೇ ಡಿಸ್ಕ್‌ನಲ್ಲಿ ಎಲ್ಲೋ ಒಂದು ಪುಟ ಕೆಟ್ಟಿದ್ದರೆ ಅದು ಈಗ ಗೊತ್ತಾಗಲಿ, ಹೊಸದಕ್ಕೆ ದಾಟುವ ರಾತ್ರಿ ಬೇಡ.

ಪೂರ್ತಿ ಬ್ಯಾಕಪ್ ಅನ್ನು ಕಂಪ್ರೆಸ್ ಮಾಡಿ ತೆಗೆಯಬಹುದು. ಎಸ್‌ಕ್ಯೂಎಲ್ ಸರ್ವರ್ 2008ರಲ್ಲಿ ಈ ಸೌಲಭ್ಯ ದುಬಾರಿ ಎಂಟರ್‌ಪ್ರೈಸ್ ಆವೃತ್ತಿಗೆ ಮಾತ್ರ ಇತ್ತು, 2008 ಆರ್2ರಿಂದ ಸ್ಟ್ಯಾಂಡರ್ಡ್‌ಗೂ ಬಂತು. ಆ ಫೈಲ್ ಅನ್ನು ಹೊಸ ಮೆಷಿನ್‌ಗೆ ಕಾಪಿ ಮಾಡಿ, "ನೋರಿಕವರಿ" ಆಯ್ಕೆಯೊಂದಿಗೆ ರಿಸ್ಟೋರ್ ಮಾಡಬೇಕು. ಹಾಗೆ ಮಾಡಿದ ಡೇಟಾಬೇಸ್ ಪಕ್ಕದಲ್ಲಿ "ರಿಸ್ಟೋರಿಂಗ್" ಅಂತ ಬಂದು ಹಾಗೇ ನಿಂತಿರುತ್ತದೆ. ಯಾರೂ ಅದನ್ನು ತೆರೆಯಲು ಆಗುವುದಿಲ್ಲ. ಇನ್ನೂ ಲಾಗ್ ಬರುತ್ತದೆ ಅಂತ ಕಾಯುತ್ತಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಹದಿನೈದು ನಿಮಿಷಕ್ಕೊಮ್ಮೆ ಹಳೇ ಸರ್ವರ್‌ನಲ್ಲಿ ಲಾಗ್ ಬ್ಯಾಕಪ್, ಕಾಪಿ, ಹೊಸದರಲ್ಲಿ ರಿಸ್ಟೋರ್. ಲಾಗ್ ಶಿಪ್ಪಿಂಗ್ ಅನ್ನೋದು ಇಷ್ಟೇ. ಇದನ್ನು ವೇಳೆಗೆ ಸರಿಯಾಗಿ ಓಡಿಸುವ ಏಜೆಂಟ್ ಇಲ್ಲದ ಎಕ್ಸ್‌ಪ್ರೆಸ್ ಆವೃತ್ತಿಯಾದರೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಒಂದು ಸ್ಕ್ರಿಪ್ಟ್ ಕೊಟ್ಟರೂ ನಡೆಯುತ್ತದೆ.

ಈಗ ಹಳೇದರಿಂದ ಹೊಸದಕ್ಕೆ ಯಾವತ್ತು ದಾಟಿದರೂ ಉಳಿದಿರುವುದು ಕೊನೆಯ ಹದಿನೈದು ನಿಮಿಷದ ಡೇಟಾ ಮಾತ್ರ. 120 ಜಿಬಿ ಸಾಗಿಸುವ ಪ್ರಶ್ನೆ ಕೆಲವೇ ಎಂಬಿಗೆ ಇಳಿಯಿತು.

ಈ ಸರಪಳಿ ತುಂಡಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಯಾವತ್ತೋ ಯಾರೋ ಇಟ್ಟುಹೋದ ಬ್ಯಾಕಪ್ ಸಾಫ್ಟ್‌ವೇರ್ ಒಂದು ಮಧ್ಯರಾತ್ರಿ ಎದ್ದು ತಾನೂ ಲಾಗ್ ಬ್ಯಾಕಪ್ ತೆಗೆಯುತ್ತದೆ. ಆ ಪುಟಗಳು ಅದರ ಫೈಲ್‌ಗೆ ಹೋದವು, ನಮ್ಮದಕ್ಕೆ ಬರಲಿಲ್ಲ. ಬೆಳಗ್ಗೆ ರಿಸ್ಟೋರ್ ಮಾಡಲು ಹೋದರೆ 4305 ಎರರ್, ಈ ಲಾಗ್ ತೀರಾ ಮುಂದಿನದು, ನಡುವಿನದು ಕೊಡಿ ಅಂತ. ಆ ಫೈಲ್ ಹುಡುಕಿ ಹಾಕಿದರೆ ಸರಪಳಿ ಕೂಡುತ್ತದೆ. ಸಿಗದಿದ್ದರೆ ಮೊದಲಿಂದ ಶುರು. ರಾತ್ರಿಯ ಪೂರ್ತಿ ಬ್ಯಾಕಪ್‌ಗಳಿಂದ ಈ ತೊಂದರೆ ಇಲ್ಲ, ಅವು ಲಾಗ್ ಸರಪಳಿಯನ್ನು ಮುಟ್ಟುವುದಿಲ್ಲ.

ಹಳೇ ಆವೃತ್ತಿಯ ಬ್ಯಾಕಪ್ ಹೊಸದಕ್ಕೆ ರಿಸ್ಟೋರ್ ಆಗುತ್ತದೆ, ಹೊಸದರದ್ದು ಹಳೆಯದಕ್ಕೆ ಆಗುವುದಿಲ್ಲ. ಈ ಏಕಮುಖ ರಸ್ತೆಯಿಂದಾಗುವ ಪರಿಣಾಮ ಕಟ್‌ಓವರ್ ರಾತ್ರಿ, ಅಂದರೆ ಹೊಸದಕ್ಕೆ ದಾಟುವ ರಾತ್ರಿ, ಗೊತ್ತಾಗುತ್ತದೆ. ಆವೃತ್ತಿ ಬೇರೆಯಾದಾಗ ಲಾಗ್ ಹಾಕುತ್ತಲೇ ನಡುನಡುವೆ ಓದಲು ಬಿಡುವ "ಸ್ಟ್ಯಾಂಡ್‌ಬೈ" ಸ್ಥಿತಿಯೂ ಸಿಗುವುದಿಲ್ಲ. ಹೊಸ ಮೆಷಿನ್‌ನಲ್ಲಿ ಅಪ್ಲಿಕೇಶನ್ ನಡೆಯುತ್ತದಾ ನೋಡಬೇಕಾದರೆ ಅದೇ ಬ್ಯಾಕಪ್ ಅನ್ನು ಬೇರೆ ಹೆಸರಲ್ಲಿ ಇನ್ನೊಂದು ಡೇಟಾಬೇಸ್ ಆಗಿ ರಿಸ್ಟೋರ್ ಮಾಡಿ ನೋಡಿ. ನೋಡಲೇಬೇಕು ಕೂಡ.

ಮೈಎಸ್‌ಕ್ಯೂಎಲ್ ಆದರೆ ಇದೇ ಕೆಲಸವನ್ನು ರೆಪ್ಲಿಕೇಶನ್ (ಬದಲಾವಣೆಗಳನ್ನು ತಾನೇ ನಕಲಿಸುತ್ತಾ ಹೋಗುವ ಸೌಲಭ್ಯ) ಮಾಡುತ್ತದೆ. ವರ್ಚುವಲ್ ಮೆಷಿನ್ ಅನ್ನು ರೆಪ್ಲಿಕಾ ಮಾಡಿ, ಅದು ಮೂಲವನ್ನು ಹಿಡಿಯುವವರೆಗೆ ಬಿಟ್ಟು, ದಾಟುವ ಹೊತ್ತಿಗೆ ಮೂಲವನ್ನು ರೀಡ್-ಓನ್ಲಿ ಮಾಡುವುದು. 5.7 ಮತ್ತು ಅದರ ನಂತರದ್ದರಲ್ಲಿ ಸೂಪರ್ ರೀಡ್-ಓನ್ಲಿ ಹಾಕಿ, ಇಲ್ಲದಿದ್ದರೆ ಅಡ್ಮಿನ್ ಲಾಗಿನ್‌ನಲ್ಲಿ ಓಡುವ ಅಪ್ಲಿಕೇಶನ್ ಬರೆಯುತ್ತಲೇ ಇರುತ್ತದೆ. ಪೋಸ್ಟ್‌ಗ್ರೆಸ್‌ನ ಸ್ಟ್ರೀಮಿಂಗ್ ರೆಪ್ಲಿಕೇಶನ್‌ಗೆ ಎರಡೂ ಕಡೆ ಒಂದೇ ಮುಖ್ಯ ಆವೃತ್ತಿ ಬೇಕು. ಆವೃತ್ತಿ ಬದಲಾಗುವುದಾದರೆ 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಈಚೆಗೆ ಲಾಜಿಕಲ್ ರೆಪ್ಲಿಕೇಶನ್ ಇದೆ.

ಡೇಟಾಬೇಸ್‌ನಲ್ಲಿ ಇಲ್ಲದ ಸಾಮಾನು

ಡೇಟಾ ಬಂತು ಅಂದರೆ ಎಲ್ಲ ಬಂತು ಅಂತ ಅಲ್ಲ. ಲಾಗಿನ್‌ಗಳು, ರಾತ್ರಿ ಓಡುವ ಜಾಬ್‌ಗಳು, ಲಿಂಕ್ಡ್ ಸರ್ವರ್‌ಗಳು ಡೇಟಾಬೇಸ್‌ನ ಹೊರಗೆ ಇರುತ್ತವೆ. ಲಾಗಿನ್ ವಿಚಾರದಲ್ಲಿ ಒಂದು ಸೂಕ್ಷ್ಮ ಇದೆ. ಹೊಸ ಮೆಷಿನ್‌ನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಲಾಗಿನ್ ಮಾಡಿದರೂ ಒಳಗಿನ ಯೂಸರ್‌ಗೆ ಅದು ಹೊಂದುವುದಿಲ್ಲ. ಎರಡನ್ನೂ ಕೂಡಿಸುವುದು ಹೆಸರಲ್ಲ, ಎಸ್‌ಐಡಿ ಅನ್ನುವ ಒಳಗಿನ ಗುರುತು. ಮೈಕ್ರೋಸಾಫ್ಟ್ ಕೊಡುವ ಹೆಲ್ಪ್-ರೆವ್‌ಲಾಗಿನ್ ಸ್ಕ್ರಿಪ್ಟ್ ಎಸ್‌ಐಡಿ, ಪಾಸ್‌ವರ್ಡ್ ಹ್ಯಾಶ್ ಸಮೇತ ಲಾಗಿನ್ ಸಾಗಿಸುತ್ತದೆ.

ಇದಕ್ಕಿಂತ ಜಾಸ್ತಿ ಕಾಡುವುದು ಐಪಿ ವಿಳಾಸ. ವೇಬ್ರಿಡ್ಜ್ ಕೋಣೆಯ ಕಂಪ್ಯೂಟರ್‌ನಲ್ಲಿ ಒಂದು ಐಎನ್‌ಐ ಫೈಲ್ ಇರುತ್ತದೆ, ಅದರಲ್ಲಿ ಸರ್ವರ್‌ನ ಐಪಿ ನೇರವಾಗಿ ಬರೆದಿರುತ್ತಾರೆ. ಅಕೌಂಟ್ಸ್‌ನವರ ಎಕ್ಸೆಲ್ ರಿಪೋರ್ಟ್‌ನಲ್ಲಿ ಇನ್ನೊಂದು ಕಡೆ. ಪ್ರತಿ ಕಂಪ್ಯೂಟರ್ ಹುಡುಕಿ ಬದಲಾಯಿಸುವ ಬದಲು ಹೊಸ ಮೆಷಿನ್‌ಗೆ ಹಳೇ ಐಪಿಯನ್ನೇ ಕೊಡುವುದು ವಾಸಿ. ಹೆಸರಿನಿಂದ ಸೇರುವವರಿಗೆ, ಹೆಸರಿಗೆ ತಕ್ಕ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಹಳೇ ಹೆಸರು ಹೊಸದರ ಕಡೆ ತೋರಿಸಬೇಕು. ಅದರ ಟಿಟಿಎಲ್ (ಹಳೇ ಉತ್ತರವನ್ನು ಕಂಪ್ಯೂಟರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) ಅನ್ನು ಹಿಂದಿನ ದಿನವೇ 300 ಸೆಕೆಂಡ್‌ಗೆ ಇಳಿಸಿಟ್ಟರೆ ಬದಲಾವಣೆ ಐದು ನಿಮಿಷದಲ್ಲಿ ಎಲ್ಲರಿಗೂ ತಲುಪುತ್ತದೆ.

ಹಳೇ ಅಪ್ಲಿಕೇಶನ್‌ನ ಡ್ರೈವರ್‌ಗೆ ಟಿಎಲ್‌ಎಸ್ 1.2 (ಕನೆಕ್ಷನ್ ಅನ್ನು ಗುಪ್ತವಾಗಿಡುವ ಪದ್ಧತಿ) ಬಾರದಿದ್ದು, ಹೊಸ ಸರ್ವರ್‌ನಲ್ಲಿ ಹಳೇ ಟಿಎಲ್‌ಎಸ್ ಮುಚ್ಚಿದ್ದರೆ ಕನೆಕ್ಷನ್ನೇ ಆಗುವುದಿಲ್ಲ. ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಇರುವ ಪುಟ್ಟ ಕೀಲಿ) ಕೇಳುವ ಸಾಫ್ಟ್‌ವೇರ್ ಇದ್ದರೆ ಅದನ್ನು ಹೋಸ್ಟ್‌ಗೆ ಚುಚ್ಚಿ ವರ್ಚುವಲ್ ಮೆಷಿನ್‌ಗೆ ದಾಟಿಸಬೇಕು. ವಿಎಂವೇರ್, ಪ್ರಾಕ್ಸ್‌ಮಾಕ್ಸ್‌ನಲ್ಲಿ ಇದು ಸಲೀಸು. ಹೈಪರ್-ವಿಯಲ್ಲಿ ನೇರ ದಾರಿ ಇಲ್ಲ, ನೆಟ್‌ವರ್ಕ್ ಮೂಲಕ ಯುಎಸ್‌ಬಿ ಕೊಡುವ ಸಣ್ಣ ಪೆಟ್ಟಿಗೆ ಬೇಕಾಗುತ್ತದೆ. ಯಾವ ಹೈಪರ್‌ವೈಸರ್ ಅಂತ ತೀರ್ಮಾನಿಸುವ ಮುಂಚೆ ಸರ್ವರ್ ಹಿಂಭಾಗದಲ್ಲಿ ಏನು ಚುಚ್ಚಿದೆ ಅಂತ ಒಮ್ಮೆ ಬಗ್ಗಿ ನೋಡಿ.

ಕಟ್‌ಓವರ್ ರಾತ್ರಿ

ರಾತ್ರಿ ಒಂಬತ್ತೂವರೆ ಅಂದುಕೊಳ್ಳಿ. ಕೊನೇ ಲಾರಿ ಹೋಗಿದೆ. ಅಕಸ್ಮಾತ್ ಇನ್ನೊಂದು ಬಂದರೆ ವೇಬ್ರಿಡ್ಜ್‌ನವರಿಗೆ ಕೈಬರಹದ ಚೀಟಿ ಪುಸ್ತಕ ಕೊಟ್ಟಿದೆ. ಅದರ ನಂಬರ್ ಕಂಪ್ಯೂಟರ್ ನಂಬರ್ ಜೊತೆ ಸೇರಿಕೊಳ್ಳದಂತೆ ಬೇರೆ ಅಕ್ಷರದಿಂದ ಶುರುವಾಗುತ್ತದೆ. ಸಿಸ್ಟಮ್ ಬಂದ ಮೇಲೆ ಅವನ್ನು ಎಂಟ್ರಿ ಮಾಡಿದರಾಯಿತು. ತಾಂತ್ರಿಕವಾಗಿ ಏನೂ ಅಲ್ಲದ ಈ ಪುಸ್ತಕ ಡೌನ್‌ಟೈಮ್‌ನ ಭಯವನ್ನು ಅರ್ಧ ಇಳಿಸುತ್ತದೆ. ಸರ್ವರ್ ನಿಂತರೂ ಗೇಟ್ ನಿಲ್ಲುವುದಿಲ್ಲ.

ಅಪ್ಲಿಕೇಶನ್ ಸೇವೆ ನಿಲ್ಲಿಸಿ. ಡೇಟಾಬೇಸ್‌ಗೆ ಇನ್ನೂ ಯಾರು ಅಂಟಿಕೊಂಡಿದ್ದಾರೆ ನೋಡಿ. ಯಾರದೋ ಎಕ್ಸೆಲ್ ತೆರೆದೇ ಇರುತ್ತದೆ, ಅವರು ಮನೆಗೆ ಹೋಗಿ ಊಟವೂ ಆಗಿರುತ್ತದೆ. ಆ ಕನೆಕ್ಷನ್ ಕಡಿದು ಹಾಕಿ. ಡೇಟಾಬೇಸ್ ಅನ್ನು ಸಿಂಗಲ್ ಯೂಸರ್ ಮಾಡಿದರೆ ಹೊಸಬರು ಬರುವುದಿಲ್ಲ.

ಈಗ ಕೊನೆಯ ಲಾಗ್ ಬ್ಯಾಕಪ್, ಟೇಲ್-ಲಾಗ್ ಅನ್ನುತ್ತಾರೆ. ಇದನ್ನೂ "ನೋರಿಕವರಿ" ಆಯ್ಕೆಯೊಂದಿಗೇ ತೆಗೆಯಬೇಕು. ಹಾಗೆ ತೆಗೆದ ತಕ್ಷಣ ಹಳೇ ಸರ್ವರ್‌ನ ಡೇಟಾಬೇಸ್ ತಾನೇ "ರಿಸ್ಟೋರಿಂಗ್" ಸ್ಥಿತಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಯಾರೇ ಮರೆತು ಹಳೇ ಸರ್ವರ್‌ಗೆ ಬರೆಯಲು ಹೋದರೂ ಆಗುವುದಿಲ್ಲ. ಎರಡು ಕಡೆ ಎರಡು ಬಗೆಯ ಡೇಟಾ ಬೆಳೆಯುವ ಭಯವನ್ನು ಈ ಒಂದು ಆಯ್ಕೆ ತೆಗೆದುಹಾಕುತ್ತದೆ. ಇದನ್ನು ಬಳಸದೆ ಸುಮ್ನೆ ಲಾಗ್ ಬ್ಯಾಕಪ್ ತೆಗೆದು, "ಯಾರೂ ಹಳೇದನ್ನ ಬಳಸಬೇಡಿ" ಅಂತ ವಾಟ್ಸಾಪ್ ಗ್ರೂಪ್‌ಗೆ ಹಾಕುವವರೂ ಇದ್ದಾರೆ.

ಟೇಲ್-ಲಾಗ್ ಕಾಪಿ ಮಾಡಿ ಹೊಸದರಲ್ಲಿ ರಿಸ್ಟೋರ್ ಮಾಡಿ, ಈ ಸಲ "ರಿಕವರಿ" ಜೊತೆ. ಪರದೆಯ ಮೇಲೆ ಸಾಲುಗಳು ಓಡುತ್ತವೆ. ಡೇಟಾಬೇಸ್‌ನ ಒಳ ಆವೃತ್ತಿ 661ರಿಂದ ಹಂತ ಹಂತವಾಗಿ 904ರವರೆಗೆ ಏರುತ್ತದೆ. 661 ಅಂದರೆ 2008 ಆರ್2, 904 ಅಂದರೆ 2019. ಒಮ್ಮೆ ಏರಿದ್ದು ಇಳಿಯುವುದಿಲ್ಲ.

ಹಳೇ ಸರ್ವರ್‌ನ ಐಪಿ ಬದಲಾಯಿಸಿ, ಆಮೇಲೆ ಹೊಸದಕ್ಕೆ ಆ ಐಪಿ ಕೊಡಿ. ಇದೇ ಕ್ರಮದಲ್ಲಿ. ಕೊಟ್ಟ ಮೇಲೂ ಕೆಲವು ಕಂಪ್ಯೂಟರ್ ಹಳೇ ನೆಟ್‌ವರ್ಕ್ ಕಾರ್ಡ್‌ನ ವಿಳಾಸವನ್ನೇ ನೆನಪಿಟ್ಟುಕೊಂಡು ಒದ್ದಾಡಿದರೆ ಎಆರ್‌ಪಿ ಕ್ಯಾಶ್ ಅಳಿಸಿ, ಇಲ್ಲವೇ ಒಮ್ಮೆ ರೀಸ್ಟಾರ್ಟ್ ಮಾಡಿಸಿ.

ಆಮೇಲೆ ಪರೀಕ್ಷೆ. ಕೊನೆಯ ತೂಕದ ಚೀಟಿಯ ನಂಬರ್ ಹಳೇದರಲ್ಲಿ ಎಷ್ಟಿತ್ತು, ಹೊಸದರಲ್ಲಿ ಎಷ್ಟಿದೆ? ಮುಖ್ಯ ಟೇಬಲ್‌ಗಳ ಸಾಲುಗಳ ಲೆಕ್ಕ ಸರಿಯಿದೆಯಾ? ನಾಲ್ಕೈದು ಪ್ಲಾಂಟರ್ ಖಾತೆಗಳ ಬಾಕಿ ಮೊದಲೇ ಪ್ರಿಂಟ್ ತೆಗೆದಿಟ್ಟಿದ್ದಕ್ಕೆ ತಾಳೆಯಾಗುತ್ತದಾ? ವೇಬ್ರಿಡ್ಜ್ ಕೋಣೆಯಿಂದಲೇ ಲಾಗಿನ್ ಆಗಿ ಒಂದು ಹಳೇ ಚೀಟಿ ಪ್ರಿಂಟ್ ಬರುತ್ತದಾ? ಇದನ್ನು ನೋಡಬೇಕಾದವರು ನಾವಲ್ಲ, ದಿನಾ ಆ ಕೆಲಸ ಮಾಡುವವರು. ಅವರಲ್ಲಿ ಒಬ್ಬರನ್ನು ಅವತ್ತು ರಾತ್ರಿ ಇರಲು ಮೊದಲೇ ಒಪ್ಪಿಸಿರಿ.

ಇಲ್ಲಿ ನಿಂತು ತೀರ್ಮಾನ ಮಾಡಬೇಕು. ಹೊಸದರಲ್ಲಿ ಇನ್ನೂ ಯಾರೂ ಹೊಸ ಎಂಟ್ರಿ ಮಾಡಿಲ್ಲ. ಏನಾದರೂ ಸರಿಯಿಲ್ಲ ಅನಿಸಿದರೆ ಹಳೇ ಡೇಟಾಬೇಸ್‌ಗೆ "ರಿಸ್ಟೋರ್ ವಿತ್ ರಿಕವರಿ" ಅಂತ ಒಂದೇ ಸಾಲು ಕೊಟ್ಟು, ಐಪಿ ವಾಪಸ್ ಹಾಕಿದರೆ ಎಲ್ಲವೂ ಹಿಂದಿನಂತೆ. ಒಂದು ಅಕ್ಷರವೂ ಹೋಗಿರುವುದಿಲ್ಲ. ಆದರೆ ಜನರಿಗೆ ಬಾಗಿಲು ತೆರೆದು, ಹೊಸ ಚೀಟಿಗಳು ಬಿದ್ದ ಮೇಲೆ ಹಿಂದೆ ಹೋಗುವುದು ಅಂದರೆ ಅಷ್ಟನ್ನೂ ಕೈಯಲ್ಲಿ ಮತ್ತೆ ಎಂಟ್ರಿ ಮಾಡುವುದು. 2019ರ ಬ್ಯಾಕಪ್ ಹಳೇದಕ್ಕೆ ಹೋಗುವುದಿಲ್ಲವಲ್ಲ. ಹಾಗಾಗಿ "ಇಷ್ಟು ಗಂಟೆಯೊಳಗೆ ಇದಿಷ್ಟು ಆಗದಿದ್ದರೆ ವಾಪಸ್" ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು. ರಾತ್ರಿ ಹನ್ನೆರಡಕ್ಕೆ, ಇನ್ನೊಂದು ಸ್ವಲ್ಪ ನೋಡೋಣ ಅನ್ನುವ ಹುರುಪಿನಲ್ಲಿ ತೆಗೆದುಕೊಳ್ಳುವ ತೀರ್ಮಾನ ಅದಲ್ಲ.

ಟೇಲ್-ಲಾಗ್ ತೆಗೆಯುವುದರಿಂದ ಐಪಿ ಬದಲಾಗುವವರೆಗೆ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಪರೀಕ್ಷೆಗೆ, ಜನರಿಗೆ ಕಾಯುವುದಕ್ಕೆ ಹೋಗುತ್ತದೆ. ಇದನ್ನೂ ಕಡಿಮೆ ಮಾಡಬೇಕಾದರೆ ಒಂದು ವಾರ ಮುಂಚೆ ಇಡೀ ಕೆಲಸದ ತಾಲೀಮು ಮಾಡಿ. ಬೇರೆ ಹೆಸರಿನ ಡೇಟಾಬೇಸ್ ಮೇಲೆ, ಅದೇ ಸ್ಕ್ರಿಪ್ಟ್‌ಗಳಿಂದ, ಗಡಿಯಾರ ನೋಡುತ್ತಾ. ಆ ರಾತ್ರಿ ಟೈಪ್ ಮಾಡುವುದು ಏನೂ ಇರಬಾರದು, ಬರೆದಿಟ್ಟದ್ದನ್ನು ಓಡಿಸುವುದು ಮಾತ್ರ.

ಬೆಳಗ್ಗೆ ನಿಧಾನವಾದರೆ ಅದೂ ಡೌನ್‌ಟೈಮೇ

ಎಂಟು ಗಂಟೆಗೆ ಜನ ಬಂದು "ಮೊದಲಿಗಿಂತ ಸ್ಲೋ" ಅಂದರೆ ರಾತ್ರಿಯ ಅರ್ಧ ಗಂಟೆಯ ಸಾಹಸವನ್ನು ಯಾರೂ ಮೆಚ್ಚುವುದಿಲ್ಲ. ಹಳೇ ಸರ್ವರ್‌ನ ಸಿಪಿಯು, ಮೆಮೊರಿ, ಡಿಸ್ಕ್ ಓದುವ-ಬರೆಯುವ ವಿಳಂಬವನ್ನು ಕೆಲಸದ ದಿನಗಳಲ್ಲಿ ಪರ್ಫಾರ್ಮೆನ್ಸ್ ಮಾನಿಟರ್‌ನಿಂದ ಅಳೆದಿಟ್ಟರೆ ಆ ದೂರು ನಿಜವಾ, ಅನಿಸಿಕೆಯಾ ಅಂತ ಹೇಳಬಹುದು. ರಿಸ್ಟೋರ್ ಆದ ಡೇಟಾಬೇಸ್ ಹಳೇ ಆವೃತ್ತಿಯಂತೆ ನಡೆದುಕೊಳ್ಳುವ ಕಂಪ್ಯಾಟಿಬಿಲಿಟಿ ಮಟ್ಟ 100ರಲ್ಲೇ ಉಳಿದಿರುತ್ತದೆ. ಅವಸರದಲ್ಲಿ ಏರಿಸಬೇಡಿ. ಎಸ್‌ಕ್ಯೂಎಲ್ ಸರ್ವರ್ 2014ರಿಂದ ಕ್ವೆರಿಗಳ ಅಂದಾಜು ಹಾಕುವ ರೀತಿಯೇ ಬದಲಾಗಿದೆ, ಚೆನ್ನಾಗಿ ಓಡುತ್ತಿದ್ದ ರಿಪೋರ್ಟ್ ಅಡ್ಡ ಬೀಳಬಹುದು. ಅದನ್ನು ಇನ್ನೊಂದು ದಿನ ನೋಡಿಕೊಳ್ಳೋಣ. ಸ್ಟಾಟಿಸ್ಟಿಕ್ಸ್ ಮಾತ್ರ ಅವತ್ತೇ ಅಪ್‌ಡೇಟ್ ಮಾಡಿ.

ಹೋಸ್ಟ್ ದೊಡ್ಡದಿದೆ ಅಂತ ಹದಿನಾರು ಕೋರ್ ಕೊಡುವ ಆಸೆಯೂ ಬೇಡ. ಕೋರ್ ಲೆಕ್ಕದ ಲೈಸೆನ್ಸ್‌ನಲ್ಲಿ ಪ್ರತಿ ವರ್ಚುವಲ್ ಮೆಷಿನ್‌ಗೆ ಕನಿಷ್ಠ ನಾಲ್ಕು ಕೋರ್‌ಗೆ ದುಡ್ಡು ಕಟ್ಟಬೇಕು. ಕೊಟ್ಟಷ್ಟೂ ಬಿಲ್ ಏರುತ್ತದೆ. ನಾಲ್ಕರಿಂದ ಶುರು ಮಾಡಿ, ಬೇಕಾದರೆ ಏರಿಸಿ. ಮೆಮೊರಿಯನ್ನು ಮಾತ್ರ ಈ ಮೆಷಿನ್‌ಗೆ ಮೀಸಲಿಡಿ, ಬೇರೆ ವರ್ಚುವಲ್ ಮೆಷಿನ್‌ಗಳು ಕಿತ್ತುಕೊಳ್ಳದಂತೆ.

ಕರೆಂಟ್ ವಿಚಾರ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಮೆಸ್ಕಾಂ ಲೈನ್ ಹೋಗುವುದು ಇದ್ದದ್ದೇ. ಯುಪಿಎಸ್ ಬ್ಯಾಟರಿ ಮುಗಿಯುವ ಮುಂಚೆ ಹೋಸ್ಟ್‌ಗೆ ಸಂದೇಶ ಹೋಗಬೇಕು, ಹೋಸ್ಟ್ ತನ್ನ ಮೇಲಿನ ಮೆಷಿನ್‌ಗಳನ್ನು ಕ್ರಮವಾಗಿ ಮುಚ್ಚಬೇಕು. ಹೈಪರ್-ವಿಯಲ್ಲಿ ಹೋಸ್ಟ್ ನಿಲ್ಲುವಾಗ ವರ್ಚುವಲ್ ಮೆಷಿನ್‌ನ ಸ್ಥಿತಿಯನ್ನು "ಸೇವ್" ಮಾಡುವುದು ಮೊದಲಿಂದ ಇರುವ ಸೆಟ್ಟಿಂಗ್. ಡೇಟಾಬೇಸ್‌ಗೆ ಅದನ್ನು "ಶಟ್‌ಡೌನ್" ಅಂತ ಬದಲಾಯಿಸಿ. ಕರೆಂಟ್ ಬಂದ ಮೇಲೆ ಲಾಗಿನ್‌ಗಳನ್ನು ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್ ಮೊದಲು, ಎರಡು ಮೂರು ನಿಮಿಷ ಬಿಟ್ಟು ಡೇಟಾಬೇಸ್ ಏಳುವಂತೆ ಇಡಿ.

ಯಾವಾಗ ಮಾಡುವುದು? ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಮಾರ್ಚ್‌ವರೆಗೆ. ಆ ತಿಂಗಳುಗಳಲ್ಲಿ ಸರ್ವರ್ ಮುಟ್ಟುವ ಮಾತೇ ಎತ್ತಬೇಡಿ. ಜೋರು ಮಳೆ ಕಳೆದು ಕೊಯ್ಲು ಶುರುವಾಗುವ ಮುಂಚಿನ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೇ ಹೊತ್ತು. ಆಯುಧಪೂಜೆಗೆ ಯಂತ್ರಗಳೆಲ್ಲ ಹೇಗೂ ನಿಲ್ಲುತ್ತವೆ, ಅವತ್ತೇ ಮಾಡಿಬಿಡೋಣ ಅನ್ನುವ ಸಲಹೆ ಬಂದೇ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅವತ್ತು ಸಾಫ್ಟ್‌ವೇರ್ ಸಪೋರ್ಟ್‌ನವರೂ ಫೋನ್ ಎತ್ತುವುದಿಲ್ಲ, ಕುಂಬಳಕಾಯಿ ಒಡೆದು ಮನೆಗೆ ಹೋಗಿರುತ್ತಾರೆ. ಹಬ್ಬ ಕಳೆದ ವಾರದ ಮಂಗಳವಾರವೋ ಬುಧವಾರವೋ ಮಾಡಿ. ಏನಾದರೂ ಹೆಚ್ಚುಕಮ್ಮಿಯಾದರೆ ಮರುದಿನ ಎಲ್ಲರೂ ಕೈಗೆ ಸಿಗುತ್ತಾರೆ.

ಹೊಸ ಮೆಷಿನ್‌ನ ಬ್ಯಾಕಪ್ ಜಾಬ್ ಅದೇ ರಾತ್ರಿ ಶುರುವಾಗಲಿ. ಹೋಸ್ಟ್ ಮೇಲಿನ ಸ್ನ್ಯಾಪ್‌ಶಾಟ್ (ಮೆಷಿನ್‌ನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟದ್ದು) ಬ್ಯಾಕಪ್ ಅಲ್ಲ, ಆ ಹೋಸ್ಟ್‌ನ ಡಿಸ್ಕ್ ಹೋದರೆ ಸ್ನ್ಯಾಪ್‌ಶಾಟ್ ಕೂಡ ಹೋಗುತ್ತದೆ. ಹಳೇ ಸರ್ವರ್‌ನ ನೆಟ್‌ವರ್ಕ್ ಕೇಬಲ್ ತೆಗೆದು, ತಿಂಗಳ ಕೊನೆಯ ಲೆಕ್ಕ ಒಮ್ಮೆ ಹೊಸದರಲ್ಲಿ ಮುಗಿಯುವವರೆಗೆ ಹಾಗೇ ಬಿಡಿ. ಆಮೇಲೆ ಅದರ ಕೊನೇ ಬ್ಯಾಕಪ್ ಅನ್ನು ಬೇರೆ ಕಡೆ ಎತ್ತಿಡಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಡಿಸ್ಕ್‌ಗಳನ್ನು ಮಾತ್ರ ಹಾಗೇ ಗುಜರಿಗೆ ಕೊಡಬೇಡಿ. ಪ್ಲಾಂಟರ್‌ಗಳ ಬ್ಯಾಂಕ್ ಖಾತೆ ನಂಬರ್‌ಗಳೆಲ್ಲ ಅದರಲ್ಲಿವೆ. ಪೂರ್ತಿ ಅಳಿಸಿ, ಆಗದಿದ್ದರೆ ಡ್ರಿಲ್ ಹಾಕಿಸಿ ಕೊಡಿ.